ಇರುವವಳು, ಬರುವವಳು

ನನ್ನನ್ನು ಕೊಟ್ಟದ್ದು ಗಂಡನಿಗಲ್ಲ, ಒಂದು ಮನೆಗೆ. ಹೆಣ್ಣು ಕೊಡುವ ಮುಂಚೆ ನಮ್ಮಪ್ಪ ಹೊಳೆ ದಾಟಿ ಈ ಊರಿಗೆ ಬಂದು, ಬೀದಿಯಲ್ಲಿ ನಿಂತು, ಮನೆಯನ್ನು ಕಣ್ತುಂಬ ನೋಡಿಕೊಂಡು ಹೋಗಿದ್ದ. ಎತ್ತರದ ಜಗಲಿ, ಜಗಲಿಗೆ ಹತ್ತಲು ಕಲ್ಲಿನ ಮೆಟ್ಟಿಲು, ತೋಳಿನ ತೆಕ್ಕೆಗೆ ಸಿಗದಷ್ಟು ದಪ್ಪದ ಕಂಬ, ಮಗ್ಗುಲಲ್ಲಿ ಹೆಂಚಿನ ಮೇಲೆ ಒರಗಿ ನಿಂತ ಹುಣಸೆ ಮರ. ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. "ಆಯಮ್ಮ ಯಾರು?" ಅಂತ ಅಪ್ಪ ಕೇಳಿದ. ಸಂಬಂಧ ತಂದಿದ್ದ ದಲ್ಲಾಳಿ, "ಆಯಮ್ಮ ಇರೋರು. ನಿಮ್ ಅಳಿಯಂದಿರು ಬರೋರು," ಅಂದ. ಹೊಳೆಯಾಚೆಯವನಾದ ನಮ್ಮಪ್ಪನಿಗೆ ಅದು ಅರ್ಥವಾಗಲಿಲ್ಲ, ಆದರೂ ಅರ್ಥವಾದವನ ಹಾಗೆ ತಲೆಯಾಡಿಸಿದ. ಅವಳ ಬಿಳಿ ಕೂದಲು ನೋಡಿ, ಇನ್ನೆಷ್ಟು ದಿನ ಅಂದುಕೊಂಡನಂತೆ. ಕೂದಲು ಬೇಗ ನೆರೆಯುವುದು ಅವಳ ತವರಿನ ಕಡೆಯವರಿಗೆಲ್ಲ ಇದ್ದದ್ದೇ. ಆಗ ಅವಳಿಗೆ ಐವತ್ತೂ ಆಗಿರಲಿಲ್ಲ.

ಹೊಳೆಯಾಚೆ ಮನೆ ಅಂದರೆ ಕಲ್ಲು, ಮಣ್ಣು, ಹೆಂಚು. ಇಲ್ಲಿ ಹಾಗಲ್ಲ. ಇಲ್ಲಿ ಯಜಮಾನನಾದವನು ಸಾಯುವ ಮುಂಚೆ ಹೊಸಿಲ ಮೇಲೆ ಕೈಯಿಟ್ಟು, ಮನೆ ಯಾರದು ಅಂತ ಬಾಯಿಬಿಟ್ಟು ಹೇಳಬೇಕು. ಹೇಳಿದ್ದನ್ನು ಹೊಸಿಲು ಇಟ್ಟುಕೊಳ್ಳುತ್ತದೆ. ಆಮೇಲೆ ಯಾವ ಪಂಚಾಯ್ತಿ, ಯಾವ ಕೋರ್ಟು ಬಂದರೂ ಅದು ಅಲ್ಲಾಡುವುದಿಲ್ಲ. ನೆಂಟರಿಷ್ಟರು, ಪಾತ್ರೆಗೆ ಕಲಾಯಿ ಹಾಕುವವನು, ಕರೆದರೆ ಒಳಗೆ ಹೋಗಿ ಬರಬಹುದು. ಆದರೆ 'ಆಮೇಲೆ ಇಂಥವನದು' ಅಂತ ಹೆಸರಾದವನು, ಅಂದರೆ ಬರುವವನು, ಅವನ ಹೆಂಡತಿ ಮಕ್ಕಳು, ತಮ್ಮ ಹೊತ್ತು ಬರುವ ತನಕ ಹೊಸಿಲು ದಾಟಲಾರರು. ಕಾಲೇ ಏಳುವುದಿಲ್ಲ. ಹೊತ್ತು ಮುಗಿದವರೂ ಅಷ್ಟೇ, ಮತ್ತೆ ಒಳಗೆ ಬರಲಾರರು. ಹೇಳಿದ ಹೆಸರೆಲ್ಲ ಮುಗಿದುಹೋದರೆ ಮನೆ ಸತ್ತವನದೇ ಆಗಿ ಮುಚ್ಚಿಕೊಳ್ಳುತ್ತದೆ. ಅಂಥವು ಬೀದಿಗೆ ಒಂದೆರಡಿವೆ. ಬಡಗಿಯ ಉಳಿ ಆ ಬಾಗಿಲುಗಳಲ್ಲಿ ಇಳಿಯುವುದಿಲ್ಲ. ಸೂರಿನಲ್ಲಿ ಪಾರಿವಾಳಗಳು ಮಾತ್ರ ಬಾಡಿಗೆ ಕೊಡದೆ ಸಂಸಾರ ಮಾಡುತ್ತವೆ. ಹೊಸಬರಿಗೆ ಇದೆಲ್ಲ ವಿಚಿತ್ರ ಅನ್ನಿಸುತ್ತದೆ. ನನಗೂ ಒಂದು ವಾರ ಅನ್ನಿಸಿತ್ತು. ಆಮೇಲೆ ನಲ್ಲಿಯಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ ಅನ್ನುವುದೇ ದೊಡ್ಡ ಚಿಂತೆಯಾಯಿತು.

ಆ ಮನೆಯನ್ನು ಕಟ್ಟಿಸಿದವನು ನನ್ನ ಗಂಡನ ಚಿಕ್ಕಪ್ಪ ರಂಗಧಾಮಯ್ಯ. ಅವನನ್ನು ನಾನು ಕಂಡವಳಲ್ಲ. ಮಕ್ಕಳಿರಲಿಲ್ಲ. ಸಾಯುವ ದಿನ ಹೊಸಿಲ ಮೇಲೆ ಕೈಯಿಟ್ಟು, "ಮನೆ ನನ್ ಹೆಂಡ್ತಿ ಹೊನ್ನಾಜಿ ಇರೋ ತನಕ ಅವಳದು. ಆಮೇಲೆ ನಮ್ಮಣ್ಣನ ಮಗ ತಿರುಮಲನದು, ಇದ್ರೆ," ಅಂದನಂತೆ. ಅಷ್ಟು ಅಂದು ಅವನು ನೆಮ್ಮದಿಯಾಗಿ ಹೋದ. ನಮ್ಮ ಮೂವರ ಬದುಕು ಆ ಎರಡು ಮಾತಿನಲ್ಲಿ ಸಿಕ್ಕಿಕೊಂಡಿತು.

ಈ ಊರಿನ ಗಂಡಸರು ಮಗನಿಗೋ ತಮ್ಮನಿಗೋ ಕೊಡುವಾಗ 'ಅವನದು' ಅಂತ ಒಂದೇ ಮಾತಲ್ಲಿ ಮುಗಿಸುತ್ತಾರೆ. ಅದು ಪೂರ್ತಿ ಮನೆ. ಮಾರಬಹುದು, ಕೆಡವಬಹುದು, ಬೀಗ ಹಾಕಿಕೊಂಡು ದೇಶ ಸುತ್ತಬಹುದು. ಹೆಂಡತಿಗೆ ಕೊಡುವಾಗ ಮಾತ್ರ 'ಇರೋ ತನಕ' ಬಂದೇ ಬರುತ್ತದೆ, ಹಸು ಕೊಟ್ಟು ಹಗ್ಗ ತಮ್ಮ ಕೈಯಲ್ಲೇ ಇಟ್ಟುಕೊಂಡ ಹಾಗೆ. ಹಾಗಾಗಿ ಊರಿನ ವಿಧವೆಯರೆಲ್ಲ ತನಕದ ಮನೆಯವರು. ಕಷ್ಟ ಏನೆಂದರೆ, 'ಇರೋ ತನಕ' ಅಂದರೆ ಜೀವ ಇರೋ ತನಕವೋ, ಆ ಮನೆಯಲ್ಲಿ ಇರೋ ತನಕವೋ? ಕುಂಬಾರಗೇರಿಯ ಒಬ್ಬಳು ಮಗಳ ಬಾಣಂತನಕ್ಕೆ ಅಂತ ಹೋಗಿ ಬರುವಷ್ಟರಲ್ಲಿ ಬಾಗಿಲು ಮುಚ್ಚಿತ್ತು, ಮತ್ತೆ ತೆರೆಯಲಿಲ್ಲ. ಅದೇ ಸಾಲಿನ ಇನ್ನೊಬ್ಬಳು ತಿಂಗಳುಗಟ್ಟಲೆ ತವರಲ್ಲಿದ್ದು ಬಂದಳು, ಬಾಗಿಲು ಸಲೀಸಾಗಿ ತೆರೆಯಿತು. ಹೇಳಿದವನ ಮನಸ್ಸಿನಲ್ಲಿ ಏನಿತ್ತೋ ಅದು ಹೊಸಿಲಿಗೆ ಗೊತ್ತು. ಹೇಳಿದವನು ಸತ್ತಿದ್ದಾನೆ, ಹೊಸಿಲು ಮಾತಾಡುವುದಿಲ್ಲ. ಹೊರಗೆ ಕಾಲಿಟ್ಟು ನೋಡಿದರೆ ಮಾತ್ರ ತಿಳಿಯುತ್ತದೆ.

ಹೊನ್ನಾಜಮ್ಮ ಕಾಲಿಟ್ಟು ನೋಡಲಿಲ್ಲ. ಗಂಡ ಸತ್ತ ದಿನದಿಂದ ಹೊಸಿಲಿನಾಚೆ ಅವಳು ಒಂದು ಹೆಜ್ಜೆ ಇಡಲಿಲ್ಲ. ಹಿಂದಿನ ಅಂಗಳ, ಬಾವಿ, ಹುಣಸೆ ಮರದ ಬುಡ, ಇಷ್ಟೇ ಅವಳ ಲೋಕ. ಅವಳ ಅಕ್ಕ ಸತ್ತಾಗ ಹೆಣವನ್ನು ಈ ಬೀದಿಯಲ್ಲೇ ತಂದು, ಜಗಲಿಯ ಮುಂದೆ ಇಳಿಸಿ, ಮುಖ ತೋರಿಸಿ ಒಯ್ದರು. ಬಾಗಿಲ ಚೌಕಟ್ಟು ಹಿಡಿದುಕೊಂಡೇ ಅತ್ತಳಂತೆ.

ಇತ್ತ ನನ್ನ ಗಂಡ ತಿರುಮಲಯ್ಯನಿಗೆ ಬಂದದ್ದು 'ಇದ್ರೆ' ಅನ್ನುವ ಮಾತು. ಬದುಕಿರುವಾಗ ಅವನನ್ನು ಬಹುವಚನದಲ್ಲೇ ಕರೆಯುತ್ತಿದ್ದೆ, ಈಗ ಏಕವಚನ ಸಾಕು. ಚಿಕ್ಕಮ್ಮನ ಹೊತ್ತು ಮುಗಿಯುವಾಗ ಅವನು ಇರಬೇಕು. ಇಲ್ಲದಿದ್ದರೆ ಮನೆ ರಂಗಧಾಮಯ್ಯನದೇ ಆಗಿ ಮುಚ್ಚಿಕೊಳ್ಳುತ್ತದೆ. ಮದುವೆಯಾದ ಹೊಸತರಲ್ಲಿ ಅವನು ಗಾರೆ ಕೆಲಸದವನು, ಬೊಂಬಿನ ಸಾರುವೆ ಮೇಲೆ ನಿಂತು ಹಾಡು ಹೇಳುತ್ತಾ ಗೋಡೆ ಮೆತ್ತುತ್ತಿದ್ದ. ಜೊತೆಯವನೊಬ್ಬ ಸಾರುವೆಯಿಂದ ಬಿದ್ದು ಸತ್ತ ಮೇಲೆ ಸಾರುವೆ ಬಿಟ್ಟ. ಹೊಳೆಯಲ್ಲಿ ಈಜುವುದು ಬಿಟ್ಟ. ಮೀನಿನ ಮುಳ್ಳು ಗಂಟಲಿಗೆ ಸಿಕ್ಕರೆ ಅಂತ ಮೀನು ಬಿಟ್ಟ. ಊರು ಬಿಟ್ಟು ಹೋದರೆ 'ಇಲ್ಲ' ಅಂತಾದರೇನು ಗತಿ ಅಂತ ನಮ್ಮಪ್ಪನ ಸಾವಿಗೂ ಹೊಳೆ ದಾಟಲಿಲ್ಲ. ಅಂಗಡಿಯೊಂದರಲ್ಲಿ ತಕ್ಕಡಿ ಹಿಡಿದು ಕೂತ. ಮೂರು ಹೊತ್ತೂ ತನ್ನ ನಾಡಿ ತಾನೇ ಹಿಡಿದು ನೋಡಿಕೊಳ್ಳುತ್ತಿದ್ದ. ಇರುವುದೇ ಅವನ ಉದ್ಯೋಗವಾಯಿತು. ನಾನು ಹಿಟ್ಟಿನ ಗಿರಣಿಗೆ ಕೆಲಸಕ್ಕೆ ಸೇರಿದೆ. ಗಿರಣಿಯ ಹಿಂದೆಯೇ ಒಂದು ಬಾಡಿಗೆ ಕೋಣೆ. ಆ ಕೋಣೆಯ ಗೋಡೆಗೆ ನಾನು ಮೊಳೆ ಹೊಡೆಯಲು ಹೋದರೆ, "ಯಾಕೆ ಸುಮ್ನೆ, ಇವತ್ತೋ ನಾಳೆಯೋ ಹೋಗೋರು," ಅನ್ನುತ್ತಿದ್ದ.

ಬರುವವರು ಇರುವವರನ್ನು ನೋಡಿಕೊಳ್ಳಬೇಕು, ಅದು ಇಲ್ಲಿನ ರೂಢಿ. ಯಾರು ಸತ್ತರೆ ನನ್ನ ಬದುಕು ಶುರುವಾಗಬೇಕೋ ಅವಳಿಗೆ ರಾಗಿ ಹಿಟ್ಟು, ಸೊಪ್ಪು, ಕಾಯಿಲೆಯಾದರೆ ಔಷಧಿ ಹೊತ್ತುಕೊಂಡು ಹೋಗುವವಳು ನಾನೇ. ಜಗಲಿಯ ಮೇಲೆ ನಾನು, ಹೊಸಿಲೊಳಗೆ ಅವಳು. ಚಿಕ್ಕತ್ತೆ ಅನ್ನಬೇಕಾಗಿದ್ದವಳನ್ನು ಅತ್ತೆ ಅಂತಲೇ ಕರೆದೆ. ನನ್ನ ತಲೆಯಲ್ಲಿ ಕೂತ ಹಿಟ್ಟನ್ನು ಅವಳು ಒಳಗಿನಿಂದ ಕೈ ಚಾಚಿ ಕೊಡವುತ್ತಿದ್ದಳು. ಸಂತೆಯಲ್ಲಿ ಏನು ಬಂದಿದೆ, ಹೊಳೆಯಲ್ಲಿ ನೀರೆಷ್ಟಿದೆ, ಯಾರ ಮಗಳು ಯಾರ ಜೊತೆ ಓಡಿಹೋದಳು, ಎಲ್ಲ ಬೇಕು ಅವಳಿಗೆ. ಹೇಳುವಾಗ ನನಗೂ ಖುಷಿಯೇ. ಎದ್ದು ಬರುವಾಗ ಮಾತ್ರ, ಇನ್ನೂ ಗಟ್ಟಿಯಾಗಿದ್ದಾಳಲ್ಲ ಅಂತ ಹೊಟ್ಟೆ ಉರಿಯುತ್ತಿತ್ತು. ಸುಳ್ಳು ಯಾಕೆ ಹೇಳಲಿ?

ಜಗಳ ಶುರುವಾದದ್ದು ಹುಣಸೆ ಮರದಿಂದ. ತನಕದವಳಿಗೆ ಹಣ್ಣು ಸಲ್ಲುತ್ತದೆ, ಮರ ಬರುವವನದು. ಹಣ್ಣು ಮಾರಿಯೇ ಅವಳ ಹೊಟ್ಟೆ ನಡೆಯುತ್ತಿತ್ತು. ಆ ಮರದ ಒಂದು ಕೊಂಬೆ ಗಾಳಿಗೆ ತೂಗಿ ತೂಗಿ ಮುಂದಿನ ಸೂರಿನ ಹೆಂಚು ಒಡೆಯತೊಡಗಿತು. "ಕೊಂಬೆ ಕಡಿಸು ಅಂತ ಅವನಿಗೆ ಹೇಳು ಕಣೇ ಚೆಲುವಿ. ನಾನು ಕೊಡಲಿ ಹಾಕುದ್ರೆ ಇಳಿಯಾಕಿಲ್ಲ," ಅಂದಳು. ನಾನು ಬಂದು ಗಂಡನಿಗೆ ಹೇಳಿದೆ. "ಮರ ನನ್ದು. ಹಣ್ಣು ತಿನ್ಲಿ, ಮರದ ಸುದ್ದಿಗೆ ಬರೋದು ಬ್ಯಾಡ ಅಂತೇಳು," ಅಂದ. ಹಾಗಾದರೆ ಹೆಂಚಾದರೂ ಹೊಸದು ಹಾಕಿಸು, ಮನೆ ನಿನ್ನದೇ ತಾನೆ ಅಂತ ಅವಳು. ಒಳಗೆ ಇರೋಳು ಅವಳು, ಅವಳೇ ಹಾಕಿಸಲಿ ಅಂತ ಇವನು. ಗಾರೆ ಕೆಲಸದವನ ಮನೆಯ ಸೂರು ಸೋರುತ್ತದೆ, ಅವನಿಗೆ ಏಣಿ ಹತ್ತಲು ಭಯ. ಇಬ್ಬರ ಮಾತನ್ನೂ ಹೊತ್ತು ತಿರುಗಿ ತಿರುಗಿ ನನ್ನ ಕಾಲು ಸವೆಯಿತು. ಒಡೆದ ಹೆಂಚಿನ ನೀರು ಜಗಲಿಯ ಮೆಟ್ಟಿಲ ಮೇಲೆ ಬಿದ್ದು ಬಿದ್ದು ಪಾಚಿ ಕಟ್ಟಿತು.

ಆ ಪಾಚಿಯ ಮೇಲೆ ನಾನು ಜಾರಿದೆ. ಹೊಟ್ಟೆಯಲ್ಲಿ ಕೂಸಿತ್ತು, ಆಗಲೇ ಒದೆಯುತ್ತಿತ್ತು. ಕೈಯಲ್ಲಿ ಅವಳಿಗೆ ತಂದ ಹಿಟ್ಟಿನ ಚೀಲ. ಚೀಲ ಜಗಲಿಯ ಮೇಲೆ ಬಿದ್ದು ಒಡೆಯಿತು, ನಾನು ಮೆಟ್ಟಿಲ ಕೆಳಗೆ ಬಿದ್ದೆ. ಎದ್ದೇಳಲು ಆಗಲಿಲ್ಲ. ತಲೆ ಎತ್ತಿ ನೋಡಿದರೆ ಬಾಗಿಲಲ್ಲಿ ಅತ್ತೆ. ಎರಡೂ ಕೈಯಲ್ಲಿ ಚೌಕಟ್ಟು ಹಿಡಿದುಕೊಂಡು, "ಯಾರಾದ್ರೂ ಬರ್ರೋ! ಹುಡ್ಗಿ ಬಿದ್ದವ್ಳೆ, ಬರ್ರೋ!" ಅಂತ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದಳು. ಅತ್ತೇ ಅಂತ ನಾನು ಕೈ ಚಾಚಿದೆ. ನೋಡಿದಳು. ಬರಲಿಲ್ಲ. ಸಂತೆಯ ದಿನ, ಬೀದಿಯಲ್ಲಿ ಯಾರೂ ಇರಲಿಲ್ಲ. ಜನ ಸೇರುವಷ್ಟರಲ್ಲಿ ಮೆಟ್ಟಿಲ ಬುಡ ಕೆಂಪಾಗಿತ್ತು. ಕೂಸು ಉಳಿಯಲಿಲ್ಲ. ಮುಂದೆ ಮತ್ತೊಂದು ಆಗಲೂ ಇಲ್ಲ.

ಅದನ್ನಾದರೂ ಮರೆಯುತ್ತಿದ್ದೆನೋ ಏನೋ. ಎದುರು ಮನೆಯ ಬೋರಮ್ಮ ಆಮೇಲೆ ಇನ್ನೊಂದು ಹೇಳಿದಳು. ನನ್ನನ್ನು ಗಾಡಿಯಲ್ಲಿ ಒಯ್ದ ಮೇಲೆ ಅತ್ತೆ ಹೊಸಿಲೊಳಗೆ ಕೂತು, ಜಗಲಿಯ ಮೇಲೆ ಚೆಲ್ಲಿದ ಹಿಟ್ಟನ್ನು ಕೈಗೆಟುಕುವಷ್ಟು ಬಳಿದುಕೊಂಡಳಂತೆ. ಮಧ್ಯಾಹ್ನ ಅವಳ ಮನೆಯ ಸೂರಿನಿಂದ ಹೊಗೆ ಬಂತಂತೆ. ನನ್ನ ಕೂಸಿನ ಸೂತಕ ಕಳೆಯುವ ಮುಂಚೆ ಆ ಹಿಟ್ಟಿನ ಮುದ್ದೆ ಅವಳ ಗಂಟಲಲ್ಲಿ ಇಳಿದಿತ್ತು. ಬಹಳ ದಿನ ನಾನು ಆ ಬೀದಿಗೆ ಹೋಗಲಿಲ್ಲ. ಹೋಗಲೇಬೇಕಾಗಿ ಬಂದಾಗ ಹಿಟ್ಟಿನ ಚೀಲವನ್ನು ಜಗಲಿಯ ಮೇಲೆ ಕುಕ್ಕಿ, ವಾಪಸು ಹೊರಡುತ್ತಿದ್ದೆ. ಅವಳು ಒಳಗಿನಿಂದ, "ಚೆಲುವಿ, ಹೊಳೆಯಾಗೆ ನೀರ್ ಬಂದದಾ?" ಅನ್ನುತ್ತಿದ್ದಳು. ಹೋಗಿ ನೋಡ್ಕೊಳ್ಳಿ ಅನ್ನುತ್ತಿದ್ದೆ. ಅದಕ್ಕಿಂತ ಕೆಟ್ಟ ಬೈಗುಳ ಅವಳಿಗೆ ಬೇರೆ ಇರಲಿಲ್ಲ.

ವರ್ಷಗಳು ಹೀಗೇ ಕಳೆದವು. ಸಿಟ್ಟು ಹೋಗಲಿಲ್ಲ, ಆದರೆ ಸಿಟ್ಟನ್ನು ಇಟ್ಟುಕೊಂಡೇ ಮಾತಾಡುವುದು ರೂಢಿಯಾಯಿತು. ಅವಳು ಮುದುಕಿಯಾದಳು, ನನ್ನ ಕೂದಲೂ ಬೆಳ್ಳಗಾಯಿತು; ನನ್ನದು ಹಿಟ್ಟೋ ನರೆಯೋ ಅಂತ ಗಿರಣಿಯವರು ತಮಾಷೆ ಮಾಡುತ್ತಿದ್ದರು. ಮೊದಲು ಹಾಸಿಗೆ ಹಿಡಿದದ್ದು ಮಾತ್ರ ನನ್ನ ಗಂಡ. ಅಷ್ಟು ಜೋಪಾನವಾಗಿ ಇಟ್ಟುಕೊಂಡ ಜೀವ ಅದು. ಹರೆಯದಲ್ಲಿ ಕುಡಿದ ಸುಣ್ಣದ ಧೂಳು ಎದೆಯಲ್ಲಿ ಕೂತೇ ಇತ್ತು. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, "ಮನೆಗೆ ಕರ್ಕೊಂಡು ಹೋಗಿ," ಅಂದರು. ಮನೆ ಎಲ್ಲಿದೆ ಸ್ವಾಮಿ ಅಂತ ನಾಲಿಗೆಯ ತುದಿಗೆ ಬಂದಿತ್ತು.

ಆಗ ನನಗೆ ಅರ್ಥವಾಯಿತು. ಅತ್ತೆಗಿಂತ ಮುಂಚೆ ಇವನು ಹೋದರೆ ಎಲ್ಲ ಮುಗಿಯಿತು. ಅವಳ ಹೊತ್ತು ಮುಗಿದೊಡನೆ ಮನೆ ಮುಚ್ಚಿಹೋಗುತ್ತದೆ, ನಾನು ಕೂಸನ್ನೂ ಕೊಟ್ಟು ಕಾದದ್ದೆಲ್ಲ ಸುಣ್ಣದ ನೀರಾಗುತ್ತದೆ. ಒಂದೇ ದಾರಿ ಇತ್ತು. ಅವಳು ತಾನಾಗಿ ಹೊರಗೆ ಬಂದುಬಿಟ್ಟರೆ? ರಂಗಧಾಮಯ್ಯನ 'ಇರೋ ತನಕ' ಮನೆಯಲ್ಲಿ ಇರೋ ತನಕ ಅಂತಲೇ ಆಗಿದ್ದರೆ, ಅವಳ ಹೊತ್ತು ಆ ಗಳಿಗೆಗೆ ಮುಗಿಯುತ್ತದೆ, ಮನೆ ಇವನದಾಗುತ್ತದೆ. ಉಸಿರಿರುವಾಗಲೇ ಇವನನ್ನು ಹೊಸಿಲಿಗೆ ಒಯ್ದು 'ಮನೆ ಚೆಲುವಿಯದು' ಅನ್ನಿಸಿಬಿಟ್ಟರೆ ನನ್ನದು ಪೂರ್ತಿ ಮನೆ. ಮಾರಬಹುದು. ಹೊಳೆಯಾಚೆ, ಬಾಗಿಲುಗಳಿಗೆ ಏನೂ ಕೇಳಿಸದ ಕಡೆ, ಎರಡು ಕೋಣೆ ಕೊಂಡು ಇರಬಹುದು.

ನಾನು ಹೋಗಿ ಜಗಲಿಯ ಮೇಲೆ ಕೂತು ಎಲ್ಲ ಹೇಳಿದೆ. ಅತ್ತೆ ಹುಣಸೆ ಬೀಜ ಬಿಡಿಸುತ್ತಾ ಕೇಳಿದಳು.

"ನಾನು ಆಚೆ ಬಂದ್ರೆ ಮತ್ತೆ ಒಳೀಕ್ ಬರಂಗಿಲ್ವಲ್ಲೇ," ಅಂದಳು.

"ಬರೋದ್ಯಾಕತ್ತೆ? ಮಾರ್ಬಿಟ್ಟು ಹೊಳೆಯಾಚೆ ಹೋಗಾಣ. ಒಂದು ಕೋಣೆ ನಿಮ್ದು, ಒಂದು ನನ್ದು. ಹೊಳೆ ಕಾಣೋ ಕಡೆನೇ ನೋಡಾಣ."

"ನನ್ ಗಂಡ ಜೀವ ಇರೋ ತನಕ ಅಂತ ಅಂದಿದ್ರೆ? ನಾನು ಬಂದ್ರೂ ನಿಂಗೇನು ಸಿಕ್ಕಂಗಾಯ್ತು?"

"ಹಂಗಾದ್ರೆ ಬಾಗ್ಲು ಮುಚ್ಚಾಕಿಲ್ಲ. ನೀವು ಎದ್ದು ಒಳೀಕ್ ಹೋಗ್ಬೋದು. ಇಷ್ಟು ವರ್ಷ ಸುಮ್ನೆ ಕೂತಿದ್ದೆ ಅಂತ ಗೊತ್ತಾಯ್ತದೆ, ಅಷ್ಟೇ."

ಅವಳು ಇನ್ನೊಂದು ಹಣ್ಣಿನ ಬೀಜ ಬಿಡಿಸಿ ಮೊರಕ್ಕೆ ಹಾಕಿದಳು. ಆ ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಿದಳೋ ನನಗೆ ತಿಳಿಯಲಿಲ್ಲ. ಆಮೇಲೆ ಬೀಜದ ಮೊರ ಪಕ್ಕಕ್ಕಿಟ್ಟು, "ನಿನ್ ಕೂಸಿನ ವಿಷ್ಯ ಮರ್ತಿದ್ದೀಯಾ?" ಅಂತ ಕೇಳಿದಳು.

"ಇಲ್ಲ."

"ಹಿಟ್ಟಿನ ವಿಷ್ಯ?"

"ಅದೂ ಇಲ್ಲ."

"ನಾನೂ ಮರ್ತಿಲ್ಲ ಕಣೇ. ಆ ಮುದ್ದೆ ಇನ್ನೂ ಇಲ್ಲೇ ಅದೆ," ಅಂತ ಎದೆ ಮುಟ್ಟಿಕೊಂಡಳು. "ಅವತ್ತು ಬರ್ಬೇಕಾಗಿತ್ತು. ಬರ್ನಿಲ್ಲ. ಇವತ್ತು ಬತ್ತೀನಿ ತಡಿ." ಒಳಗೆ ಹೋಗಿ ಮುಖ ತೊಳೆದು, ಗಂಡನಿದ್ದಾಗ ಉಡುತ್ತಿದ್ದ ಹಸಿರು ಸೀರೆ ಉಟ್ಟು ಬಂದಳು. ಹೊಸಿಲ ಮೇಲೆ ಕಾಲಿಡುವಾಗ ನನ್ನ ಭುಜ ಹಿಡಿದುಕೊಂಡಳು. ಒಂದು ಹೆಜ್ಜೆ. ಜಗಲಿಯ ಕಲ್ಲು ಬಿಸಿಲಿಗೆ ಕಾದಿತ್ತೋ ಏನೋ, ಅಂಗಾಲು ಎತ್ತಿ ಎತ್ತಿ ಇಟ್ಟಳು.

ಹಿಂದೆ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಸದ್ದು ದೊಡ್ಡದೇನಲ್ಲ. ಅತ್ತೆ ತಿರುಗಿ ಬಾಗಿಲನ್ನೇ ನೋಡಿದಳು. "ಹಂಗಂತಲೇ ಅಂದಿದ್ದ ನನ್ ಗಂಡ. ಕಟ್ ಹಾಕ್ಬಿಟ್ಟೇ ಹೋದ," ಅಂದಳು. ಅಳುತ್ತಾಳೆ ಅಂದುಕೊಂಡೆ. ಬಾಗಿಲಿಗೆ ಬೆನ್ನು ಹಾಕಿ ಜಗಲಿಯ ಮೇಲೆ ಕೂತು, "ಹೋಗಿ ಅವನ್ನ ಕರ್ಕೊಂಡ್ ಬಾ. ಬಾಯಿ ಪಾಠ ಮಾಡ್ಸು. ತನಕ ಗಿನಕ ಅಂದಾನು," ಅಂದಳು.

ಬಾಯಿಪಾಠ ಮಾಡಿಸಿದೆ. 'ಮನೆ ನನ್ನ ಹೆಂಡತಿ ಚೆಲುವಿಯದು' ಅನ್ನಬೇಕು, ಮುಂದೆ ಏನೂ ಬೇಡ, ತುಟಿ ಹೊಲಿದುಕೊಳ್ಳಬೇಕು. ಕೋಣೆಯಲ್ಲಿ ಅವನು ಸರಿಯಾಗಿಯೇ ಹೇಳಿದ. ಗಿರಣಿಯ ಹಮಾಲರು ಮಂಚ ಎತ್ತಿಕೊಂಡರು. ದಾರಿಯುದ್ದಕ್ಕೂ ನಾನು ಕಿವಿಯ ಹತ್ತಿರ ಬಗ್ಗಿ ಅದನ್ನೇ ಹೇಳಿಸಿದೆ, ಅವನು ಅದನ್ನೇ ಹೇಳಿದ. ಮಂಚ ಜಗಲಿ ಹತ್ತುವಾಗ ಅರ್ಧ ಬೀದಿಯೇ ಸೇರಿತ್ತು. ಅವನು ಕೈ ಚಾಚಿ ಹೊಸಿಲು ಮುಟ್ಟಿದ. ಅದುವರೆಗೆ ಕಲ್ಲಿನಂತಿದ್ದ ಬಾಗಿಲು ಹಗುರಾಗಿ ತೆರೆದುಕೊಂಡಿತು. ಒಳಗಿನಿಂದ ಹುಣಸೆಯ ಹುಳಿ ವಾಸನೆ ಬಂತು. ಅಷ್ಟು ವರ್ಷ ಇರುವುದಕ್ಕಾಗಿಯೇ ಇದ್ದ ಮನುಷ್ಯನದಾಯಿತು ಮನೆ. ಹೊಸಿಲ ಮರವನ್ನು ಬೆರಳಲ್ಲಿ ಸವರಿದ. ಗಾರೆ ಕೆಲಸದವನ ಕಣ್ಣಲ್ಲಿ ಚೌಕಟ್ಟು ನೆಟ್ಟಗಿದೆಯೇ ಅಂತಲೂ ನೋಡಿದ.

ಬೀದಿಯ ಹಿರಿಯ ಮರಿಗೌಡರು ಮುಂದೆ ಬಂದು, "ಹೇಳಪ್ಪ ತಿರುಮಲಯ್ಯ, ಮನೆ ಯಾರದು?" ಅಂತ ಕೇಳಿದರು.

"ಮನೆ ನನ್ ಹೆಂಡ್ತಿ ಚೆಲುವಿದು," ಅಂದ ನನ್ನ ಗಂಡ.

ನಾನು ಉಸಿರು ಬಿಟ್ಟೆ. ಅವನು ಸುತ್ತ ನಿಂತ ಗಂಡಸರ ಮುಖ ನೋಡಿದ. ಅವರೆಲ್ಲ ಕಾಯುತ್ತಿದ್ದರು, ವಾಕ್ಯ ಮುಗಿದಿಲ್ಲ ಅನ್ನುವ ಹಾಗೆ. ಅವನ ಕೈ ಇನ್ನೂ ಹೊಸಿಲ ಮೇಲಿತ್ತು. ಎತ್ತಿಬಿಡಬೇಕಿತ್ತು ನಾನು.

"ಇರೋ ತನಕ," ಅಂದ.

ಗಂಡಸರು ತಲೆದೂಗಿದರು. "ಆಮೇಲೆ ಯಾರದಪ್ಪಾ?" ಅಂದರು ಗೌಡರು. ನನ್ನ ಗಂಡ ಬಾಯಿ ತೆರೆದ. ಹೆಸರು ಯಾವುದೂ ಬರಲಿಲ್ಲ, ಉಸಿರೂ ಬರಲಿಲ್ಲ. ಹೊಸಿಲ ಮೇಲಿದ್ದ ಕೈಯನ್ನು ಯಾರೋ ಎತ್ತಿ ಅವನ ಎದೆಯ ಮೇಲಿಟ್ಟರು.

ಬೇಕಂತಲೇ ಅಂದನೋ, ಕಿವಿಗೆ ಬಿದ್ದು ಬಿದ್ದು ನಾಲಿಗೆಗೆ ಅಂಟಿದ್ದು ತಾನಾಗಿ ಹೊರಳಿತೋ, ನನಗೆ ಇವತ್ತಿಗೂ ತಿಳಿದಿಲ್ಲ. ಹೆಂಡತಿಯ ಹೆಸರು ಹಿಡಿದ ಮೇಲೆ 'ತನಕ' ಅನ್ನದೆ ಮಾತು ಮುಗಿಸುವುದು ಈ ಊರಿನ ಗಂಡಸಿಗೆ ಬರುವುದೇ ಇಲ್ಲ. ಅತ್ತೆ ಮಾತ್ರ ಮೆಟ್ಟಿಲ ಬಳಿ ನಿಂತು ನಕ್ಕಳು. ಹೆಣದ ಮುಂದೆ ನಗುವುದೇ ಅಂತ ಬೋರಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದಳು. ನನಗೂ ನಗು ಬಂತು, ಅದು ಅಳುವಾಗಿ ಹೊರಗೆ ಬಿತ್ತು. ತನಕದ ಮನೆಯನ್ನು ಯಾರೂ ಕೊಳ್ಳುವುದಿಲ್ಲ. ಹೊಳೆಯಾಚೆಯ ಎರಡು ಕೋಣೆಗಳು ಅಲ್ಲಿಗೇ ಮುಗಿದವು.

"ಒಳೀಕ್ ಹೋಗವ್ವ, ಬಾಗ್ಲು ಮುಚ್ಕಂಡೀತು," ಅಂದರು ಗೌಡರು.

"ಹೋಗ್ಬ್ಯಾಡ ಕಣೇ ಚೆಲುವಿ," ಅಂದಳು ಅತ್ತೆ. "ನನ್ ಮಾತು ಕೇಳು. ಬಾ, ನಿನ್ ಕೋಣೆಗೆ ಹೋಗಾಣ."

ಒಂದು ಸಲ ನೋಡಿಬಿಟ್ಟು ಬರುತ್ತೇನೆ ಅಂತಲೇ ನಾನು ಹೋದದ್ದು. ಅಷ್ಟು ವರ್ಷ ಏಳದ ಕಾಲು ಅದು. ಹೊಸಿಲು ದಾಟುವಾಗ ಹೂವಿನಷ್ಟು ಹಗುರಾಗಿತ್ತು. ನಡುಮನೆ, ಅಡುಗೆಮನೆ, ಹಿತ್ತಲು, ಬಾವಿ, ಎಲ್ಲ ನೋಡಿದೆ. ಗೋಡೆಯಲ್ಲಿ ಅತ್ತೆಯ ತಲೆ ಒರಗಿ ಒರಗಿ ಎಣ್ಣೆಯ ಗುರುತು. ಅಲ್ಲೇ ಕೂತೆ. ತಿರುಗಿ ಬಾಗಿಲಿಗೆ ಬಂದಾಗ ಗಂಡನನ್ನು ಒಯ್ದಾಗಿತ್ತು. ಹೊರಗೆ ಕಾಲಿಡಲು ಹೋದವಳು ನಿಂತೆ. ಇವನು ಅಂದದ್ದು ಯಾವ 'ಇರೋ ತನಕ'? ಜೀವದ್ದೋ, ಮನೆಯದ್ದೋ? ಅಷ್ಟು ವರ್ಷ ಜೊತೆಗೆ ಮಲಗಿದ ಗಂಡಸಿನ ಮನಸ್ಸಿನಲ್ಲಿ ಏನಿತ್ತು ಅಂತ ಊಹಿಸಲು ಕೂತರೆ ನನಗೆ ಏನೂ ಹೊಳೆಯಲಿಲ್ಲ. ನಾಳೆ ಹೋದರಾಯಿತು ಅಂದುಕೊಂಡೆ.

ಅತ್ತೆ ಗಿರಣಿಯ ಹಿಂದಿನ ನನ್ನ ಕೋಣೆಗೆ ಹೋದಳು. ಬಾಡಿಗೆಗೆ ಅಂತ ಗಿರಣಿಯ ನೆಲ ಗುಡಿಸುವ ಕೆಲಸ ಹಿಡಿದಳು. ಆ ವಯಸ್ಸಿನಲ್ಲಿ ಊರೆಲ್ಲ ಸುತ್ತಿದಳು, ಹಗ್ಗ ಬಿಚ್ಚಿದ ಕರುವಿನ ಹಾಗೆ. ದಿನಾ ಹೊಳೆಗೆ ಹೋಗಿ ಕಾಲು ಇಳಿಬಿಟ್ಟು ಕೂರುತ್ತಾಳೆ ಅಂತ ಜನ ಹೇಳಿದರು. ಅಕ್ಕನನ್ನು ಸುಟ್ಟ ಜಾಗ ಹುಡುಕಿಕೊಂಡು ಹೋಗಿ ಅತ್ತು ಬಂದಳಂತೆ. ಹೊತ್ತು ಮುಗಿದವಳಾದ್ದರಿಂದ ನಾನು ಕರೆದರೂ ಒಳಗೆ ಬರುವ ಹಾಗಿರಲಿಲ್ಲ. ಆದರೆ ಬೆಳಿಗ್ಗೆ ಬೆಳಿಗ್ಗೆ ಹಿಟ್ಟು, ಸೊಪ್ಪು ಹಿಡಿದುಕೊಂಡು ಜಗಲಿಗೆ ಬರುತ್ತಿದ್ದಳು. ಕೂದಲ ತುಂಬ ಹಿಟ್ಟು. ನಾನು ಒಳಗಿನಿಂದ ಕೈ ಚಾಚಿ ಕೊಡವುತ್ತಿದ್ದೆ.

"ಇವತ್ತು ಬತ್ತೀಯಾ?" ಅನ್ನುತ್ತಿದ್ದಳು. ದಿನಾ ಅದೇ ಮಾತು.

"ಇವತ್ತು ಬ್ಯಾಡ ಅತ್ತೆ. ನಾಳೆ."

"ನಾನೂ ಹಿಂಗೇ ಅಂತಿದ್ದೆ ಕಣೇ. ಆಚೆ ಏನೂ ಇಲ್ಲ ಅನ್ಕಂಡಿದ್ದೆ. ಹೊಳೆ ಹಂಗೇ ಅದೆ. ನೀನು ಇಷ್ಟು ವರ್ಷ ಹೇಳಿದ್ಯಲ್ಲ, ಹಂಗೇ ಅದೆ."

ಒಮ್ಮೆ ಹೊಸಿಲ ತನಕ ಬಂದು, ಸೀರೆಯ ನೆರಿಗೆ ಎತ್ತಿ ಹಿಡಿದು, ಕಾಲು ಎತ್ತಿಯೂ ಇದ್ದೆ. ಅವಳು ಚಿಕ್ಕ ಮಗುವನ್ನು ಕರೆಯುವ ಹಾಗೆ ಎರಡೂ ಕೈ ಚಾಚಿದಳು. ನಾನು ಕಾಲು ಹಿಂದಕ್ಕೆ ತೆಗೆದೆ. ಕೂಸನ್ನು ಕೊಟ್ಟು ಪಡೆದ ಮನೆ ಇದು. ನಾನು ಬಿಟ್ಟು ಹೋದರೆ ತಿರುಮಲಯ್ಯನದೇ ಆಗಿ ಮುಚ್ಚಿಕೊಳ್ಳುತ್ತದೆ. ಆ ಮನುಷ್ಯನಿಗೆ ವಾಪಸು ಕೊಡಲು ನನಗೆ ಮನಸ್ಸು ಬರಲಿಲ್ಲ.

ಹುಣಸೆ ಕೊಂಬೆ ಹಾಗೇ ಇದೆ. ತನಕದವಳ ಕೊಡಲಿ ಇಳಿಯುವುದಿಲ್ಲ. ಹೆಂಚಿನ ನೀರು ಮೆಟ್ಟಿಲ ಮೇಲೆ ಬೀಳುತ್ತಲೇ ಇತ್ತು. "ಪಾಚಿ ಕಟ್ಟದೆ, ಬದಿ ಹಿಡ್ಕಂಡು ಹತ್ತಿ ಅತ್ತೆ," ಅಂತ ಎಷ್ಟೋ ಸಲ ಹೇಳಿದ್ದೆ. ಸಂತೆಯ ದಿನ, ಬೀದಿಯಲ್ಲಿ ಯಾರೂ ಇಲ್ಲದಾಗ, ಹಿಟ್ಟಿನ ಚೀಲ ಹಿಡಿದು ಹತ್ತಿದವಳು ಕೊನೆಯ ಮೆಟ್ಟಿಲಲ್ಲಿ ಜಾರಿದಳು. ಚೀಲ ಜಗಲಿಗೆ ಬಿತ್ತು, ಅವಳು ಕೆಳಗೆ ಬಿದ್ದಳು. ತಲೆ ಕಲ್ಲಿಗೆ ಬಡಿದ ಸದ್ದು ನನಗೆ ಕೇಳಿಸಿತು.

ನಾನು ಓಡಿ ಬಂದೆ. ಹೊಸಿಲ ತನಕ ಓಡಿ ಬಂದೆ. ಎರಡೂ ಕೈ ತಾವಾಗಿ ಚೌಕಟ್ಟು ಹಿಡಿದುಕೊಂಡವು. "ಯಾರಾದ್ರೂ ಬರ್ರೋ! ಅತ್ತೆ ಬಿದ್ದವ್ರೆ, ಬರ್ರೋ!" ಅಂತ ಕೂಗಿದೆ. ನನ್ನ ದನಿ ನನಗೇ ಅವಳ ದನಿಯಾಗಿ ಕೇಳಿಸಿತು. ಅವಳು ತಲೆ ಎತ್ತಿ ನನ್ನನ್ನು ನೋಡಿದಳು, ಕೈ ಚಾಚಿದಳು. ನಾನು ನೋಡುತ್ತಾ ನಿಂತೆ. ಸ್ವಲ್ಪ ಹೊತ್ತಿಗೆ ಅವಳು ಚಾಚಿದ ಕೈ ಮಡಿಸಿಕೊಂಡು, ಮೊಣಕಾಲ ಮೇಲೆ ಸರಿದಿದ್ದ ಸೀರೆಯನ್ನು ಎಳೆದು ಸರಿಮಾಡಿಕೊಂಡಳು. ನನ್ನಿಂದ ಏನೂ ಬೇಡ ಅನ್ನುವ ಹಾಗೆ ಮುಖ ಬೀದಿಯ ಕಡೆ ತಿರುಗಿಸಿದಳು.

ಜನ ಬಂದರು, ಗಾಡಿ ಬಂತು, ಎತ್ತಿಕೊಂಡು ಹೋದರು. ದಾರಿಯಲ್ಲೇ ಹೋದಳು ಅಂತ ಬೋರಮ್ಮ ಬಂದು ಎದುರಿನ ಜಗಲಿಯಿಂದಲೇ ಕೂಗಿ ಹೇಳಿದಳು. ಹೇಳಿ ಒಳಗೆ ಹೋಗಲಿಲ್ಲ, ಅಲ್ಲೇ ನಿಂತು ನನ್ನನ್ನೇ ನೋಡುತ್ತಿದ್ದಳು.

ನಾನು ಹೊಸಿಲೊಳಗೆ ಕೂತೆ. ಜಗಲಿಯ ಮೇಲೆ ಹಿಟ್ಟು ಚೆಲ್ಲಿಕೊಂಡಿತ್ತು. ಇನ್ನು ನನಗೆ ಹಿಟ್ಟು ತಂದುಕೊಡುವವರು ಯಾರೂ ಇಲ್ಲ. ಕೈ ಚಾಚಿ, ಎಟುಕುವಷ್ಟು ಬಳಿದುಕೊಂಡೆ. ಮಧ್ಯಾಹ್ನ ಒಲೆ ಹಚ್ಚಿದೆ.